ಹೊರದೇಶದ ಉಚಿತ ಶಸ್ತ್ರಚಿಕಿತ್ಸಾ ಶಿಬಿರಗಳು: ತಂಡ ಹೊರಟ ಮೇಲೆ ಉಳಿಯುವವರು ಯಾರು?

ಸೀಳುತುಟಿ, ಸೀಳು ಅಂಗುಳ, ಸುಟ್ಟಗಾಯ ಮಾಗುವಾಗ ಚರ್ಮ ಎಳೆದುಕೊಂಡು ಮಡಚಿಹೋದ ಕೈ ಮತ್ತು ಕುತ್ತಿಗೆ, ಇಂಥ ತೊಂದರೆಗಳಿಗೆ ಉಚಿತವಾಗಿ ಪುನರ್‌ರಚನಾ ಶಸ್ತ್ರಚಿಕಿತ್ಸೆ ಮಾಡಲು ವೈದ್ಯರ ತಂಡಗಳು ದೇಶದಿಂದ ದೇಶಕ್ಕೆ ಹೋಗಿಬರುವ ಪದ್ಧತಿಗೆ ಅರ್ಧ ಶತಮಾನಕ್ಕೂ ಹೆಚ್ಚು ವಯಸ್ಸಾಗಿದೆ. ಮೈಸೂರಿನಲ್ಲಿ ವೈದ್ಯಕೀಯ, ನರ್ಸಿಂಗ್ ಅಥವಾ ವಾಕ್ ಚಿಕಿತ್ಸೆ ಓದಿದ ಯುವಕ ಯುವತಿಯರಲ್ಲಿ ಕೆಲವರು, ತಾವೂ ಇಂಥ ತಂಡದೊಡನೆ ಆಫ್ರಿಕಕ್ಕೋ ಆಗ್ನೇಯ ಏಷ್ಯಕ್ಕೋ ಸ್ವಯಂಸೇವಕರಾಗಿ ಹೋಗಬಹುದೇ ಎಂದು ಕೇಳುವುದುಂಟು. ಹೋಗಬಹುದು, ಹೋಗಬೇಕು ಕೂಡ. ಆದರೆ ಈ ಪದ್ಧತಿ ಎಲ್ಲಿ ಹುಟ್ಟಿತು, ಎಲ್ಲಿ ಎಡವಿತು, ಎಡವಿದ್ದನ್ನು ಹೇಗೆ ತಿದ್ದಿಕೊಂಡಿತು ಎಂಬುದನ್ನು ತಿಳಿದು ಹೊರಡುವವರಿಗೂ ತಿಳಿಯದೆ ಹೊರಡುವವರಿಗೂ ಬಹಳ ವ್ಯತ್ಯಾಸವಿದೆ. ಆ ಇತಿಹಾಸದ ಒಂದು ಬೇರು ನಮ್ಮ ಶ್ರೀರಂಗಪಟ್ಟಣದ ನೆಲದಲ್ಲಿಯೇ ಇದೆ.

ಮೂರನೇ ಮೈಸೂರು ಯುದ್ಧ 1792ರ ಶ್ರೀರಂಗಪಟ್ಟಣದ ಒಪ್ಪಂದದೊಂದಿಗೆ ಮುಗಿಯಿತು. ಆ ಯುದ್ಧದಲ್ಲಿ ಇಂಗ್ಲಿಷರ ಸೇನೆಗೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠಿ ರೈತ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನೆಂದು 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಪತ್ರಿಕೆಯಲ್ಲಿ ಅಚ್ಚಾದ ಪತ್ರವೊಂದು ತಿಳಿಸುತ್ತದೆ. ವರ್ಷಕ್ಕೂ ಮೀರಿ ಮೂಗಿಲ್ಲದೆ ಬದುಕಿದ ಅವನಿಗೆ ಪುಣೆಯ ಸಮೀಪ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಹೊಸ ಮೂಗನ್ನು ಕಟ್ಟಿಕೊಟ್ಟ. ಪತ್ರದಲ್ಲಿ ಆ ವಿಧಾನದ ವಿವರವೆಲ್ಲ ಇದೆ. ಮೊದಲು ತೆಳುವಾದ ಮೇಣದ ಹಾಳೆಯಿಂದ ಮೂಗಿನ ಆಕಾರ ಮಾಡಿಕೊಂಡು, ಅದನ್ನು ಚಪ್ಪಟೆಯಾಗಿಸಿ ಹಣೆಯ ಮೇಲಿಟ್ಟು, ಸುತ್ತ ಗೆರೆ ಎಳೆದು, ಅಷ್ಟು ಚರ್ಮವನ್ನು ಬಿಡಿಸುತ್ತಿದ್ದರು. ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಮಾತ್ರ ಕತ್ತರಿಸದೆ ಉಳಿಸುತ್ತಿದ್ದರು. ಹೊಸ ಜಾಗದಲ್ಲಿ ಚರ್ಮ ಬೆಸೆದುಕೊಳ್ಳುವವರೆಗೆ ಅದಕ್ಕೆ ರಕ್ತ ಹರಿಯುತ್ತಿದ್ದುದು ಆ ಪಟ್ಟಿಯ ಮೂಲಕ. ಚರ್ಮವನ್ನು ಅರ್ಧ ಸುತ್ತು ತಿರುಗಿಸಿ ಕೆಳಕ್ಕೆ ತಂದು, ಹಳೆಯ ಗಾಯದ ಅಂಚನ್ನು ಕೆರೆದು ಸೇರಿಸಿ, ನಾವು ಎಲೆ ಅಡಿಕೆಗೆ ಹಾಕುವ ಕಾಚನ್ನೇ ನೀರಿನಲ್ಲಿ ಕಲಸಿ ಬಟ್ಟೆಯ ಪಟ್ಟಿಗಳಿಗೆ ಸವರಿ ಮೇಲೆ ಅಂಟಿಸುತ್ತಿದ್ದರು. ನಾಲ್ಕು ದಿನಗಳ ಬಳಿಕ ಅದನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆ ಹಾಕುವುದು. ಸುಮಾರು 25ನೇ ದಿನ ಕಣ್ಣುಗಳ ನಡುವಿನ ಪಟ್ಟಿಯನ್ನು ಕತ್ತರಿಸುವುದು. ರೋಗಿಯ ಹೆಸರು, ಇಂಥ ಶಸ್ತ್ರಕ್ರಿಯೆಯನ್ನು ಕಣ್ಣಾರೆ ಕಂಡ ಇಬ್ಬರು ಇಂಗ್ಲಿಷ್ ವೈದ್ಯರ ಹೆಸರು ಆ ಪತ್ರದಲ್ಲಿವೆ, ಕತ್ತಿ ಹಿಡಿದವನ ಹೆಸರಿಲ್ಲ. ಪುನರ್‌ರಚನಾ ಶಸ್ತ್ರಚಿಕಿತ್ಸೆಯ ಚರಿತ್ರೆ ಓದುವಾಗಲೆಲ್ಲ ಆ ಖಾಲಿ ಜಾಗ ನನ್ನನ್ನು ಕಾಡುತ್ತದೆ.

ಸುಶ್ರುತ ಸಂಹಿತೆಯಷ್ಟು ಹಿಂದೆಯೇ ಮೂಗಿನ ಮರುರಚನೆಯ ವರ್ಣನೆ ಇದ್ದರೂ ಯುರೋಪನ್ನು ಎಚ್ಚರಿಸಿದ್ದು ಕಾವಸ್‌ಜಿಯ ಈ ಪತ್ರ. ಲಂಡನ್ನಿನ ಶಸ್ತ್ರಚಿಕಿತ್ಸಕ ಜೋಸೆಫ್ ಕಾರ್ಪ್ಯೂ ಇದನ್ನು ಆಧರಿಸಿ ಮೊದಲು ಶವಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ಜೀವಂತ ರೋಗಿಯ ಮೇಲೆ ಇದೇ ಶಸ್ತ್ರಕ್ರಿಯೆ ನಡೆಸಿ, 1816ರಲ್ಲಿ ಅದರ ವೃತ್ತಾಂತವನ್ನು ಪ್ರಕಟಿಸಿದರು. ಅರಿವಳಿಕೆ ಬಳಕೆಗೆ ಬರಲು ಆಗಿನ್ನೂ ಮೂರು ದಶಕಗಳಿದ್ದವು. ಅಂದರೆ ಈ ವಿದ್ಯೆಯ ಮೊದಲ ಸಾಗರೋಲ್ಲಂಘನ ನಡೆದದ್ದು ಇಲ್ಲಿಂದ ಅಲ್ಲಿಗೆ. ಮುಂದೆ ಮೊದಲ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸಾವಿರಾರು ಸೈನಿಕರಿಗೆ ಚಿಕಿತ್ಸೆ ನೀಡಿದ ಹೆರಾಲ್ಡ್ ಗಿಲ್ಲಿಸ್ ಅವರ ಕಾಲಕ್ಕೆ ಅದು ಪೂರ್ಣ ಪ್ರಮಾಣದ ವೈದ್ಯಶಾಖೆಯಾಗಿ ಬೆಳೆದಿತ್ತು.

ಇಂದು ನಾವು ಶಿಬಿರ ಎಂದು ಕರೆಯುವ ವ್ಯವಸ್ಥೆ ಆರಂಭವಾದದ್ದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ಲಾಸ್ಟಿಕ್ ಸರ್ಜನ್ ಡೊನಾಲ್ಡ್ ಲಾಬ್ ಅವರಿಂದ. 1965ರಲ್ಲಿ ಮೆಕ್ಸಿಕೊದ ಮೆಹಿಕಾಲಿಯಿಂದ ಆಂಟೋನಿಯೊ ಎಂಬ ಹದಿಹರೆಯದ ಹುಡುಗನನ್ನು ಅವರಲ್ಲಿಗೆ ಕರೆತರಲಾಯಿತು. ಹುಟ್ಟಿನಿಂದಲೇ ಸೀಳಿದ್ದ ತುಟಿಯನ್ನು ಅಷ್ಟು ವರ್ಷ ಯಾರೂ ಸರಿಪಡಿಸಿರಲಿಲ್ಲ. ಒಬ್ಬ ಹುಡುಗನನ್ನು ಗಡಿ ದಾಟಿಸಿ ಕರೆತರುವುದಕ್ಕಿಂತ ತಂಡವೇ ಗಡಿ ದಾಟಿ ಹೋಗುವುದು ಮೇಲು ಎಂದು ಕಂಡುಕೊಂಡ ಲಾಬ್, 1969ರಲ್ಲಿ ಇಂಟರ್‌ಪ್ಲಾಸ್ಟ್ ಸಂಸ್ಥೆಯನ್ನು ಕಟ್ಟಿದರು. 1982ರಲ್ಲಿ ವರ್ಜೀನಿಯಾದ ಪ್ಲಾಸ್ಟಿಕ್ ಸರ್ಜನ್ ವಿಲಿಯಂ ಮ್ಯಾಗೀ ಮತ್ತು ನರ್ಸ್ ಆಗಿದ್ದ ಅವರ ಪತ್ನಿ ಕ್ಯಾಥ್ಲೀನ್ ಫಿಲಿಪ್ಪೀನ್ಸ್‌ನ ನಾಗಾ ನಗರಕ್ಕೆ ತಂಡವೊಂದರ ಜೊತೆ ಹೋದಾಗ ನೂರಾರು ಕುಟುಂಬಗಳು ಮಕ್ಕಳನ್ನೆತ್ತಿಕೊಂಡು ಕಾದಿದ್ದವು. ಸುಮಾರು 40 ಮಕ್ಕಳಿಗಷ್ಟೇ ಚಿಕಿತ್ಸೆ ಮಾಡಲು ಸಾಧ್ಯವಾಯಿತು. ಉಳಿದವರನ್ನು ಹಿಂದಕ್ಕೆ ಕಳಿಸಿದ ಸಂಕಟವೇ ಆಪರೇಷನ್ ಸ್ಮೈಲ್ ಸಂಸ್ಥೆಯಾಗಿ ರೂಪುಗೊಂಡಿತು.

ಶಿಬಿರದ ಕ್ರಮ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಒಂದೆರಡು ವಾರದ ಅವಧಿಯಲ್ಲಿ ಮೊದಲ ದಿನಗಳು ತಪಾಸಣೆಗೆ ಮೀಸಲು: ತೂಕ, ರಕ್ತದ ಹಿಮೋಗ್ಲೋಬಿನ್, ಹೃದಯ, ಶ್ವಾಸಕೋಶ, ಫೋಟೊ, ಕೊರಳಿಗೊಂದು ಚೀಟಿ. ತುಟಿಯ ಶಸ್ತ್ರಕ್ರಿಯೆಗೆ ಮಗುವಿಗೆ ಕನಿಷ್ಠ 10 ವಾರ ವಯಸ್ಸು, 10 ಪೌಂಡ್ ಅಂದರೆ ಸುಮಾರು ನಾಲ್ಕೂವರೆ ಕಿಲೋ ತೂಕ, 10 ಗ್ರಾಂ ಹಿಮೋಗ್ಲೋಬಿನ್ ಇರಬೇಕೆಂಬ ಹಳೆಯ ನಿಯಮವನ್ನು ಈಗಲೂ ಬಹಳ ಕಡೆ ಪಾಲಿಸುತ್ತಾರೆ. ಶೀತ ಕೆಮ್ಮು ಇರುವ ಮಗುವಿಗೆ ಅರಿವಳಿಕೆ ಕೊಡುವುದು ಅಪಾಯವಾದ್ದರಿಂದ ಅದನ್ನು ಮನೆಗೆ ಕಳಿಸಲೇಬೇಕು. ಊರಿನಲ್ಲೇ ಆಸ್ಪತ್ರೆಯಿದ್ದರೆ ಆ ಮಗು ಮೂರು ವಾರ ಬಿಟ್ಟು ಮತ್ತೆ ಬರುತ್ತದೆ. ಶಿಬಿರವೇ ಗತಿಯೆಂದಾದರೆ ಮುಂದಿನ ವರ್ಷದವರೆಗೆ ಕಾಯಬೇಕು. ನೆಗಡಿಯೊಂದು ಮಗುವಿನ ಒಂದು ವರ್ಷವನ್ನು ನುಂಗುವ ವ್ಯವಸ್ಥೆಯನ್ನು ಸಂಪೂರ್ಣವೆಂದು ಹೇಗೆ ಒಪ್ಪುವುದು?

ವಿಮಾನ ಹತ್ತಿದ ತಂಡದ ಬೆನ್ನ ಹಿಂದೆ ಉಳಿದ ಸಮಸ್ಯೆಗಳು ನಿಧಾನವಾಗಿ ಹೊರಬಂದವು. ಹೊಲಿಗೆ ಬಿಟ್ಟುಕೊಂಡರೆ, ಅಂಗುಳದಲ್ಲಿ ಮತ್ತೆ ರಂಧ್ರ ಬಿದ್ದರೆ, ರಾತ್ರಿ ರಕ್ತಸ್ರಾವವಾದರೆ ನೋಡುವವರು ಯಾರು? ಬಂದವರ ಕೈಗಳಲ್ಲಿ ಅನುಭವ ಎಷ್ಟಿತ್ತು, ಮಕ್ಕಳ ಅರಿವಳಿಕೆಯಲ್ಲಿ ಪಳಗಿದವರು ತಂಡದಲ್ಲಿದ್ದರೇ, ಲೆಕ್ಕಕ್ಕೆ ಸಿಗುವ ಸಂಖ್ಯೆಗಾಗಿ ಅವಸರವಾಯಿತೇ ಎಂಬ ಪ್ರಶ್ನೆಗಳನ್ನು 1990ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಪತ್ರಿಕೆಗಳು ಬಹಿರಂಗವಾಗಿಯೇ ಎತ್ತಿದವು. ಆ ಟೀಕೆಯಿಂದ ಕ್ಷೇತ್ರಕ್ಕೆ ಒಳ್ಳೆಯದೇ ಆಯಿತೆಂದು ನಾನು ನಂಬುತ್ತೇನೆ. ಬಡವನ ಮಗುವಿಗೆ ಉಚಿತವಾಗಿ ಕೊಡುವ ಚಿಕಿತ್ಸೆಯ ಗುಣಮಟ್ಟ ಕಾಸು ಕೊಟ್ಟವನ ಮಗುವಿಗೆ ಕೊಡುವುದಕ್ಕಿಂತ ಕಡಿಮೆಯಾಗಬಾರದೆಂಬ ಮಾತು ಆಮೇಲೆ ಲಿಖಿತ ನಿಯಮಗಳೊಳಗೆ ಬರತೊಡಗಿತು.

ಇಲ್ಲಿ ಮೈಸೂರಿನವರಿಗೆ ಚೆನ್ನಾಗಿ ಗೊತ್ತಿರುವ ವಿಷಯವೊಂದಿದೆ. ತುಟಿ ಹೊಲಿದರೆ ಮುಖ ಬದಲಾದದ್ದು ಅಂದೇ ಕಾಣುತ್ತದೆ, ಆದರೆ ಅಂಗುಳ ಹೊಲಿದ ಫಲ ಕಾಣಲು ವರ್ಷಗಳು ಬೇಕು. ಸೀಳು ಅಂಗುಳದ ಕೂಸಿಗೆ ಮೊಲೆ ಚೀಪಲು ಆಗುವುದಿಲ್ಲ. ಹಿಂಡಿದ ಹಾಲನ್ನು, ಕೂಸನ್ನು ನೆಟ್ಟಗೆ ಕೂರಿಸಿಕೊಂಡು, ಒಳಲೆಯಿಂದಲೋ ಚಮಚದಿಂದಲೋ ಹನಿಹನಿಯಾಗಿ ಕುಡಿಸಬೇಕು. ಸಾಮಾನ್ಯವಾಗಿ ಒಂಬತ್ತರಿಂದ ಹದಿನೆಂಟು ತಿಂಗಳೊಳಗೆ ಅಂಗುಳವನ್ನು ಮುಚ್ಚುತ್ತಾರೆ. ಆಮೇಲೂ ಕೆಲವು ಮಕ್ಕಳಲ್ಲಿ ಗಾಳಿ ಮೂಗಿನಿಂದ ಸೋರುತ್ತದೆ. ಬಾಯಲ್ಲಿ ಗಾಳಿಯನ್ನು ಒತ್ತಿ ಹಿಡಿದು ನುಡಿಯಬೇಕಾದ ಪ, ಬ, ಟ, ಡ, ಕ, ಗ ಮೊದಲಾದ ಅಕ್ಷರಗಳು ಹೊರಡುವುದಿಲ್ಲ. ‘ಬಾ’ ಎಂದದ್ದು ‘ಮಾ’ ಎಂದು ಕೇಳಿಸುತ್ತದೆ. ಮಗು ‘ಪಾಪ, ಪಾಪ’ ಎನ್ನುವಾಗ ಚಿಕಿತ್ಸಕಿ ಮೂಗಿನ ಕೆಳಗೆ ಚಿಕ್ಕ ಕನ್ನಡಿ ಹಿಡಿಯುತ್ತಾಳೆ. ಕನ್ನಡಿ ಮಸುಕಾದರೆ ಗಾಳಿ ಸೋರುತ್ತಿದೆ ಎಂದರ್ಥ. ಕೆಲವು ಮಕ್ಕಳು ಆಗದ ಅಕ್ಷರಗಳನ್ನು ಗಂಟಲಲ್ಲೇ ತಡೆದು ನುಡಿಯುವ ಅಭ್ಯಾಸ ಮಾಡಿಕೊಂಡಿರುತ್ತವೆ, ಆ ಅಭ್ಯಾಸವನ್ನು ಯಾವ ಕತ್ತಿಯೂ ಬಿಡಿಸಲಾರದು. ತಿಂಗಳುಗಟ್ಟಲೆ ಎದುರು ಕುಳಿತು, ಮಗುವಿನ ಮನೆಮಾತಿನಲ್ಲೇ ಕಲಿಸಬೇಕು. ಎರಡು ವಾರದ ಶಿಬಿರಕ್ಕೆ ಅದು ನಿಲುಕದ ಕೆಲಸ. ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಮಕ್ಕಳಿಗೆಂದೇ ಪ್ರತ್ಯೇಕ ಘಟಕವಿದೆ. ಸುತ್ತಲಿನ ಜಿಲ್ಲೆಗಳವರಿಗೆ ಇದು ಬಸ್ಸಿನ ದೂರದಲ್ಲಿದೆ, ಪ್ರಪಂಚದ ಎಷ್ಟೋ ದೇಶಗಳಲ್ಲಿ ಇಂಥದ್ದೊಂದು ಸಂಸ್ಥೆಯೇ ಇಲ್ಲ.

ಹೊರಗಿನಿಂದ ಬಂದವರೆಲ್ಲ ಬಂದು ಹೋದವರೇ ಅಲ್ಲ. 1946ರಲ್ಲಿ ವೆಲ್ಲೂರಿಗೆ ಬಂದ ಬ್ರಿಟಿಷ್ ಶಸ್ತ್ರಚಿಕಿತ್ಸಕ ಪಾಲ್ ಬ್ರ್ಯಾಂಡ್ ಸುಮಾರು ಎರಡು ದಶಕ ಇಲ್ಲಿಯೇ ಇದ್ದು, ಕುಷ್ಠದಿಂದ ಮಡಚಿಕೊಂಡ ಬೆರಳುಗಳನ್ನು ಸ್ನಾಯುರಜ್ಜು ಬದಲಾಯಿಸಿ ಮತ್ತೆ ಆಡಿಸುವ ಶಸ್ತ್ರಕ್ರಿಯೆಯನ್ನು ರೂಪಿಸಿದರು. ಕುಷ್ಠರೋಗಿಯ ಕೈಬೆರಳು ಕೊಳೆತು ಉದುರುತ್ತದೆ ಎಂಬ ನಂಬಿಕೆಯನ್ನು ಅಲುಗಾಡಿಸಿ, ಸ್ಪರ್ಶ ಸತ್ತದ್ದರಿಂದ ಆಗುವ ಗಾಯಗಳೇ ಅದಕ್ಕೆ ಕಾರಣವೆಂದು ತೋರಿಸಿದವರೂ ಅವರೇ. ವರ್ಷಗಟ್ಟಲೆ ಅದೇ ರೋಗಿಗಳನ್ನು ನೋಡುತ್ತ ಕುಳಿತವರಿಗೆ ಮಾತ್ರ ಇದು ಹೊಳೆಯಲು ಸಾಧ್ಯ. ನೆರೆಯ ಕೇರಳದ ತ್ರಿಶೂರಿನಲ್ಲಿ ಹೀರ್ಜಿ ಅಡೆನ್‌ವಾಲಾ ತಮ್ಮ ವೃತ್ತಿಜೀವನವನ್ನೇ ಸೀಳುತುಟಿಯ ಮಕ್ಕಳಿಗೆ ಕೊಟ್ಟರು. ಇನ್ನೊಂದು ತುದಿಯಲ್ಲಿ, ಪಂಢರಪುರದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಶರದ್‌ಕುಮಾರ್ ದೀಕ್ಷಿತ್ 1968ರಿಂದ ಭಾರತಕ್ಕೆ ಮತ್ತೆ ಮತ್ತೆ ಬಂದು ಊರೂರುಗಳಲ್ಲಿ ಉಚಿತ ಶಿಬಿರ ನಡೆಸಿದರು. ಅಪಘಾತ, ಗಂಟಲಿನ ಕ್ಯಾನ್ಸರ್ ಎರಡನ್ನೂ ಅನುಭವಿಸಿ, ಗಾಲಿಕುರ್ಚಿ ಹಿಡಿದ ಮೇಲೂ ಅವರು ಆ ಕೆಲಸ ಬಿಡಲಿಲ್ಲ. 2001ರಲ್ಲಿ ಪದ್ಮಶ್ರೀ ಬಂತು. ಅವರ ಶ್ರದ್ಧೆಗೆ ಕೈಮುಗಿಯಲೇಬೇಕು. ಆದರೂ ಅಡೆನ್‌ವಾಲಾ ತಮ್ಮ ರೋಗಿಗೆ ಮುಂದಿನ ಮಂಗಳವಾರ ಬಾ ಎಂದು ಹೇಳಬಹುದಿತ್ತು, ಶಿಬಿರದ ವೈದ್ಯರಿಗೆ ಹಾಗೆ ಹೇಳಲಾಗುತ್ತಿರಲಿಲ್ಲ.

ಹೊಸ ದಾರಿ 1999ರಲ್ಲಿ ಸ್ಪಷ್ಟವಾಗಿ ಕಾಣಿಸಿತು. ಆ ವರ್ಷ ನ್ಯೂಯಾರ್ಕಿನಲ್ಲಿ ಆರಂಭವಾದ ಸ್ಮೈಲ್ ಟ್ರೈನ್ ಸಂಸ್ಥೆ, ವೈದ್ಯರನ್ನು ವಿಮಾನದಲ್ಲಿ ಕಳಿಸುವ ಬದಲು ಆಯಾ ದೇಶದ ವೈದ್ಯರಿಗೇ ತರಬೇತಿ ಕೊಟ್ಟು, ಅವರ ಆಸ್ಪತ್ರೆಗಳಿಗೇ ಶಸ್ತ್ರಕ್ರಿಯೆಯ ಖರ್ಚು ಭರಿಸುವ ಕ್ರಮವನ್ನು ಹಿಡಿಯಿತು. ಭಾರತದಲ್ಲಿ ಅದರ ನೆರವಿನಿಂದ ನಡೆಯುವ ಶಸ್ತ್ರಕ್ರಿಯೆಗಳನ್ನು ಮಾಡುವವರು ಭಾರತೀಯ ವೈದ್ಯರೇ. ಹಳೆಯ ಸಂಸ್ಥೆಗಳೂ ಅದೇ ಕಡೆ ಹೊರಳಿದವು: ರಿಸರ್ಜ್ ಎಂದು ಹೆಸರು ಬದಲಿಸಿಕೊಂಡ ಇಂಟರ್‌ಪ್ಲಾಸ್ಟ್ ಈಗ ಸ್ಥಳೀಯ ಶಸ್ತ್ರಚಿಕಿತ್ಸಕರ ತರಬೇತಿಗೆ ಒತ್ತು ಕೊಡುತ್ತದೆ. ಆಪರೇಷನ್ ಸ್ಮೈಲ್ ಅಸ್ಸಾಂ ಸರ್ಕಾರದ ಜೊತೆಗೂಡಿ, ಮೊದಲು ಹೊರದೇಶದ ಸ್ವಯಂಸೇವಕರನ್ನು ಕರೆಸಿ ಶಿಬಿರ ನಡೆಸಿ, 2011ರಲ್ಲಿ ಗುವಾಹಟಿಯಲ್ಲಿ ವರ್ಷವಿಡೀ ತೆರೆದಿರುವ ಕೇಂದ್ರವನ್ನೇ ಸ್ಥಾಪಿಸಿತು. ಶಸ್ತ್ರಚಿಕಿತ್ಸೆಯ ಜೊತೆಗೆ ದಂತ, ಪೌಷ್ಟಿಕಾಂಶ, ವಾಕ್ ಚಿಕಿತ್ಸೆಗಳೂ ಅಲ್ಲಿ ಒಂದೇ ಸೂರಿನಡಿ ಸಿಗುತ್ತವೆ. ಶಿಬಿರ ಬಾಗಿಲು ತೆರೆಯುವ ಕೆಲಸ ಮಾಡಿ, ಒಳಗಿನ ಸಂಸಾರವನ್ನು ಊರಿನವರಿಗೇ ಒಪ್ಪಿಸಿದ ಈ ಮಾದರಿಯೇ ನನಗೆ ಹೆಚ್ಚು ಮೆಚ್ಚುಗೆಯಾದದ್ದು.

ಕೊರತೆ ಮಾತ್ರ ಇನ್ನೂ ಅಗಾಧ. 2015ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ ನೀಡಿದ ವರದಿಯ ಪ್ರಕಾರ ಜಗತ್ತಿನ 500 ಕೋಟಿ ಜನರಿಗೆ ಸುರಕ್ಷಿತವೂ ಕೈಗೆಟುಕುವಂಥದ್ದೂ ಆದ ಶಸ್ತ್ರಚಿಕಿತ್ಸೆ ಮತ್ತು ಅರಿವಳಿಕೆ ಸಮಯಕ್ಕೆ ಸಿಗುತ್ತಿಲ್ಲ. ಹುಟ್ಟುವ ಸುಮಾರು 700 ಮಕ್ಕಳಲ್ಲಿ ಒಂದಕ್ಕೆ ತುಟಿ ಅಥವಾ ಅಂಗುಳದ ಸೀಳು ಇರುತ್ತದೆ. ನಮ್ಮಲ್ಲಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳುತುಟಿಯೂ ಸೇರಿದೆ. ಅದರ ಸಂಚಾರಿ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗಳಿಗೆ ಒಂದು ಸಲ ಹೋಗಿ ತಪಾಸಣೆ ಮಾಡಬೇಕು. ಮಳವಳ್ಳಿಯ ಕಡೆಯ ಹಳ್ಳಿಯೊಂದರಲ್ಲಿ ಹುಟ್ಟಿದ ಕೂಸಿಗೆ ಈಗ ಹೊರದೇಶದ ತಂಡಕ್ಕಾಗಿ ಕಾಯಬೇಕಾದ ಅಗತ್ಯವಿಲ್ಲ. ಬಸುರಿಯಲ್ಲಿ ಗ್ರಹಣದ ಹೊತ್ತು ಕುಡುಗೋಲು ಮುಟ್ಟಿದ್ದಕ್ಕೇ ಹೀಗಾಯಿತೆಂದು ತಾಯಿಯನ್ನು ದೂರುವ ಅತ್ತೆಯ ಬಾಯಿ ಮುಚ್ಚಿಸಿ, ಕೂಸನ್ನು ಸಮಯಕ್ಕೆ ಆಸ್ಪತ್ರೆಗೆ ತಲುಪಿಸುವ ಆಶಾ ಕಾರ್ಯಕರ್ತೆ ಇದ್ದರೆ ಆಯಿತು. ಮುಖದ ಭಾಗಗಳು ಕೂಡಿಕೊಳ್ಳುವುದು ಗರ್ಭದ ಮೊದಲ ಎರಡು ಮೂರು ತಿಂಗಳೊಳಗೆ. ಗ್ರಹಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಹೀಗೆ ಒಂದು ಕಾಲದಲ್ಲಿ ಶಿಬಿರಗಳನ್ನು ಬರಮಾಡಿಕೊಂಡ ದೇಶದಿಂದ ಈಗ ಸ್ವಯಂಸೇವಕರು ಹೊರಡುತ್ತಿದ್ದಾರೆ. ಹೊರಡುವವರು ಸಂಸ್ಥೆಯನ್ನು ಮೊದಲು ಕೇಳಬೇಕಾದದ್ದು ಊಟ ವಸತಿಯ ವಿಷಯವನ್ನಲ್ಲ. ಆ ಊರಿನ ಯಾವ ಆಸ್ಪತ್ರೆ ನಿಮ್ಮನ್ನು ಕರೆದಿದೆ, ಶಸ್ತ್ರಕ್ರಿಯೆಯಾದ ಮಕ್ಕಳನ್ನು ತಂಡ ಹೊರಟ ಮೇಲೆ ನೋಡುವ ವೈದ್ಯರು ಯಾರು, ಹಿಂದಿನ ವರ್ಷದ ಮಕ್ಕಳು ಈಗ ಹೇಗಿದ್ದಾರೆಂಬ ದಾಖಲೆ ಇದೆಯೇ, ಅಲ್ಲಿಯ ಕಿರಿಯ ವೈದ್ಯರು ಮೇಜಿನ ಯಾವ ಬದಿಯಲ್ಲಿ ನಿಂತಿರುತ್ತಾರೆ, ಇವನ್ನು ಕೇಳಬೇಕು. ಉತ್ತರ ತಡವರಿಸಿದರೆ ಬೇರೆ ಸಂಸ್ಥೆ ಹುಡುಕುವುದು ಲೇಸು. ತಮ್ಮ ದೇಶದಲ್ಲಿ ತಾವೊಬ್ಬರೇ ಮಾಡಲು ಅರ್ಹತೆಯಿಲ್ಲದ ಕೆಲಸವನ್ನು ಪರದೇಶದ ಬಡವರ ಮೇಲೆ ಮಾಡಿ ಕಲಿಯಲು ಯಾರೂ ಹೋಗಕೂಡದು.

ತಂಡಕ್ಕೆ ಬೇಕಾದವರು ಸರ್ಜನ್‌ಗಳು ಮಾತ್ರವೇ ಅಲ್ಲ. ಮಕ್ಕಳ ಅರಿವಳಿಕೆ ತಜ್ಞರು, ಅರಿವಳಿಕೆಯಿಂದ ಎಚ್ಚರಗೊಳ್ಳುವ ಮಗುವಿನ ಉಸಿರನ್ನು ನೋಡಿಕೊಳ್ಳುವ ನರ್ಸ್‌ಗಳು, ದಂತವೈದ್ಯರು, ಯಂತ್ರ ರಿಪೇರಿ ಬಲ್ಲ ತಂತ್ರಜ್ಞರು, ದಾಖಲೆ ಬರೆಯುವವರು ಎಲ್ಲರಿಗೂ ಜಾಗವಿದೆ. ಮೈಸೂರಿನಲ್ಲಿ ಕಲಿತ ವಾಕ್ ಚಿಕಿತ್ಸಕಿಗೆ ಇಥಿಯೋಪಿಯದ ಅಮ್ಹಾರಿಕ್ ಭಾಷೆ ಬಾರದು; ಆದ್ದರಿಂದ ಅವಳು ಅಲ್ಲಿಯ ಮಕ್ಕಳಿಗೆ ನೇರವಾಗಿ ಕಲಿಸುವುದಕ್ಕಿಂತ ಅಲ್ಲಿಯ ನರ್ಸೊಬ್ಬರಿಗೋ ಶಿಕ್ಷಕಿಯೊಬ್ಬರಿಗೋ ಕನ್ನಡಿ ಹಿಡಿಯುವುದನ್ನು, ಗಾಳಿಯನ್ನು ಬಾಯಿಗೆ ತಿರುಗಿಸುವ ಅಭ್ಯಾಸಗಳನ್ನು ಕಲಿಸಿ, ಮರಳಿದ ಮೇಲೂ ವಿಡಿಯೊ ಕರೆಯಲ್ಲಿ ಜೊತೆಗಿರುವುದು ಹೆಚ್ಚು ಉಪಯುಕ್ತ. ಆಫ್ರಿಕದ ಬಂದರುಗಳಲ್ಲಿ ನಿಂತು ಚಿಕಿತ್ಸೆ ನೀಡುವ ಮರ್ಸಿ ಶಿಪ್ಸ್ ಹಡಗುಗಳಲ್ಲಿ ಕೆಲಸ ಮಾಡುವ ಸ್ವಯಂಸೇವಕರು ಸಂಬಳ ಪಡೆಯುವುದಿಲ್ಲ, ತಮ್ಮ ಖರ್ಚನ್ನೂ ತಾವೇ ಹೊಂದಿಸಿಕೊಳ್ಳುತ್ತಾರೆ. ಉಳಿದ ಸಂಸ್ಥೆಗಳ ನಿಯಮ ಒಂದೊಂದರದು ಒಂದೊಂದು ಬಗೆ. ಚಿಕಿತ್ಸೆ ನೀಡಲು ಹೋಗುವವರಿಗೆ ಇಲ್ಲಿಯ ನೋಂದಣಿ ಪ್ರಮಾಣಪತ್ರವಲ್ಲದೆ ಆ ದೇಶದ ತಾತ್ಕಾಲಿಕ ಪರವಾನಗಿಯೂ ಬೇಕಾಗುತ್ತದೆ. ಅದು ಕೈಸೇರಲು ತಿಂಗಳುಗಳೇ ಹಿಡಿಯಬಹುದಾದ್ದರಿಂದ, ಆಸ್ಪತ್ರೆಯಲ್ಲಿ ರಜೆ ಕೇಳುವ ಮೊದಲೇ ಕಾಗದಪತ್ರಗಳ ಕೆಲಸ ಶುರುಮಾಡಬೇಕು.