ಹೊತ್ತೊಯ್ಯುತ್ತಿದ್ದರೂ ಆಕೆ ಯಾಕೆ ಕಿರುಚುತ್ತಿಲ್ಲ?

ಪ್ರಶ್ನೆ: ಜರ್ಮನ್ ಕಲಾವಿದ ಡ್ಯೂರರ್‌ನ ಒಂದು ಎನ್‌ಗ್ರೇವಿಂಗ್‌ನಲ್ಲಿ (ಲೋಹದ ತಗಡಿನ ಮೇಲೆ ಕೊರೆದು ಅಚ್ಚೊತ್ತಿದ ಚಿತ್ರ) ಅರ್ಧ ಮನುಷ್ಯ, ಅರ್ಧ ಮೀನಿನಂಥ ಮುದುಕ ಬೆತ್ತಲೆ ಹೆಂಗಸನ್ನು ಕಡಲಿನಲ್ಲಿ ಹೊತ್ತುಕೊಂಡು ಹೋಗುತ್ತಿದ್ದಾನೆ. ಆಕೆ ನೋಡಿದರೆ ಆರಾಮಾಗಿ ಒರಗಿದ್ದಾಳೆ! ನೋಡಿದಾಗೆಲ್ಲ ಏನೋ ಒಂಥರಾ ಆಗುತ್ತೆ. ಇದು ಯಾವ ಪುರಾಣದ ಕಥೆ?

ಉತ್ತರ: ಯಾವ ಕಥೆ ಅಂತ ಇವತ್ತಿಗೂ ಇತ್ಯರ್ಥ ಆಗಿಲ್ಲ. ಯುರೋಪಾ ಇರಬಹುದು ಅಂದವರಿದ್ದಾರೆ. ಆದರೆ ಗ್ರೀಕ್ ಕಥೆಯಲ್ಲಿ ಯುರೋಪಾಳನ್ನು ಹೊತ್ತೊಯ್ಯುವುದು ಗೂಳಿ. ಗ್ರೀಕ್ ವೀರ ಹೆರಾಕ್ಲೀಸನ ಹೆಂಡತಿ ಡೀಯನೈರಾ ಅಂದವರೂ ಇದ್ದಾರೆ. ಅವಳನ್ನು ಹೊತ್ತವನು ಅರ್ಧ ಮನುಷ್ಯ, ಅರ್ಧ ಕುದುರೆ. ಇಲ್ಲಿ ಗೂಳಿಯೂ ಇಲ್ಲ, ಕುದುರೆಯೂ ಇಲ್ಲ.

ಆಲ್ಬ್ರೆಕ್ಟ್ ಡ್ಯೂರರ್ ಇದನ್ನು ಮಾಡಿದ್ದು 1498ರ ಸುಮಾರಿಗೆ, ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ. ಮುಂದೆ 1520-21ರ ನೆದರ್‌ಲ್ಯಾಂಡ್ಸ್ ಪ್ರವಾಸದ ದಿನಚರಿಯಲ್ಲಿ ಅವನೇ ಇದನ್ನು 'ಮೇರ್‌ವುಂಡರ್' ಅಂತ ಕರೆದಿದ್ದಾನೆ. ಕಡಲಿನ ವಿಚಿತ್ರ ಜೀವಿ, ಅಷ್ಟೇ. ಹೆಂಗಸಿಗೂ ಹೆಸರಿಲ್ಲ, ಮುದುಕನಿಗೂ ಇಲ್ಲ. ಹಾಳೆಯ ಮೇಲೆ ಇರುವ ಅಕ್ಷರ ಎಂದರೆ ಡ್ಯೂರರ್‌ನ ಗುರುತಾದ 'ಎ ಡಿ' ಮಾತ್ರ. ಡ್ಯೂರರ್‌ನ ಅಚ್ಚುಚಿತ್ರಗಳು ಬಿಡಿ ಹಾಳೆಗಳಾಗಿಯೇ ಮಾರಾಟ ಆಗುತ್ತಿದ್ದವು. ಹೆಂಡತಿ ಆಗ್ನೆಸ್ ಅವನ್ನು ಫ್ರಾಂಕ್‌ಫರ್ಟ್ ಜಾತ್ರೆಗೂ ಒಯ್ದು ಮಾರಿದ್ದುಂಟು. ಕೊಂಡವರು ಮನೆಗೆ ಹೋಗಿ ತಮಗೆ ತೋಚಿದ ಕಥೆ ಹೇಳಿಕೊಂಡಿರಬೇಕು.

ಹಾಗಾಗಿ ಹೆಸರು ಹುಡುಕೋದನ್ನು ಸ್ವಲ್ಪ ಬದಿಗಿಟ್ಟು, ಚಿತ್ರವನ್ನೇ ಹತ್ತಿರದಿಂದ ನೋಡೋಣ. ಮುದುಕನಿಗೆ ಉದ್ದ ಗಡ್ಡ, ತಲೆಯ ಮೇಲೆ ಜಿಂಕೆಯದರಂಥ ಕವಲು ಕೊಂಬು, ಕೆಳಗೆ ಮೈತುಂಬ ಹುರುಪೆ. ಗುರಾಣಿಗೆ ಆಮೆಚಿಪ್ಪು, ಆಯುಧಕ್ಕೆ ಯಾವುದೋ ಪ್ರಾಣಿಯ ದವಡೆ ಮೂಳೆ. ಹೆಂಗಸಿನ ಮೈಮೇಲೆ ಬಟ್ಟೆ ಇಲ್ಲ, ಆದರೆ ತಲೆಯ ಅಲಂಕಾರ ಒಂಚೂರೂ ಕೆಟ್ಟಿಲ್ಲ! ಇಟಲಿಯ ಶ್ರೀಮಂತರ ಮನೆಯ ಶೈಲಿ ಅದು. ದಡದ ಕಡೆ ತಿರುಗಿ ನೋಡುತ್ತಿದ್ದಾಳೆ. ಬಾಯಿ ಸ್ವಲ್ಪ ತೆರೆದಿದೆ. ಅದು ನಿಟ್ಟುಸಿರೋ ಕೂಗೋ ಹೇಳೋದು ಕಷ್ಟ.

ಆಕೆ ಯಾಕೆ ಒದ್ದಾಡುತ್ತಿಲ್ಲ? ನನಗನ್ನಿಸುವ ಮಟ್ಟಿಗೆ ಇದರ ಅರ್ಧ ಉತ್ತರ ಕಥೆಯಲ್ಲಿಲ್ಲ, ಡ್ಯೂರರ್‌ನ ಕಲಿಕೆಯಲ್ಲಿದೆ. 1494ರಲ್ಲಿ ಅವನು ಇಟಲಿಯ ಕಲಾವಿದ ಮಾಂಟೆನ್ಯಾನ ಕಡಲ ದೇವತೆಗಳ ಕಾಳಗದ ಚಿತ್ರವನ್ನು ಪೆನ್ನಿನಲ್ಲಿ ನಕಲು ಮಾಡಿದ್ದ. ಅಲ್ಲೂ ಮೀನುಬಾಲದವರಿದ್ದಾರೆ, ತಲೆಬುರುಡೆಯನ್ನೇ ಗುರಾಣಿ ಮಾಡಿಕೊಂಡವನಿದ್ದಾನೆ. ಹಳೆಯ ರೋಮನ್ ಶಿಲ್ಪಗಳಂಥ ಬೆತ್ತಲೆ ಮೈ ಬಿಡಿಸೋದು ಆಗ ಅವನ ಹುಚ್ಚು. ಈ ಒರಗಿದ ಭಂಗಿ ಅಲ್ಲಿಂದಲೇ ಬಂದಹಾಗಿದೆ. ಶಿಲ್ಪದ ನೆಮ್ಮದಿ ತಂದು ಅಪಹರಣದ ಮಧ್ಯೆ ಇಟ್ಟರೆ ಹೇಗಿರುತ್ತೆ? ನಿಮಗೆ 'ಒಂಥರಾ' ಆಗೋದು ಅಲ್ಲೇ. ಅವನು ಬೇಕಂತಲೇ ಹೀಗೆ ಮಾಡಿದನಾ ಅಂದರೆ, ನಾನಂತೂ ಹೌದು ಅಂತೀನಿ. ಯಾಕೆಂದರೆ ಗಾಬರಿಯನ್ನು ಅವನು ಮರೆತಿಲ್ಲ, ದೂರಕ್ಕೆ ತಳ್ಳಿದ್ದಾನೆ.

ಮುಂದಿನ ಸಲ ನೋಡುವಾಗ ಚಿತ್ರದ ಮುಂಭಾಗದ ಇಬ್ಬರನ್ನು ಅಂಗೈಯಿಂದ ಮುಚ್ಚಿ. ಚಿತ್ರ ಇರೋದೇ ಸುಮಾರು 25 ಸೆಂ.ಮೀ. ಎತ್ತರ, ಕಷ್ಟವೇನಿಲ್ಲ. ಈಗ ಉಳಿದದ್ದು ಆಚೆ ದಡ. ಸ್ನಾನಕ್ಕಿಳಿದ ಹೆಂಗಸರು ನೀರಿನಿಂದ ಏಳುತ್ತಾ ಬೀಳುತ್ತಾ ಹತ್ತುತ್ತಿದ್ದಾರೆ. ಒಬ್ಬಳು ನೆಲಕ್ಕೆ ಕುಸಿದಿದ್ದಾಳೆ. ಪೇಟ ಸುತ್ತಿದ ಒಬ್ಬ ಮನುಷ್ಯ ಎರಡೂ ಕೈ ಎತ್ತಿ ನೀರಿನ ಕಡೆ ಓಡಿಬರುತ್ತಿದ್ದಾನೆ.