ದಡ್ಡ ಹಳಿ, ಬುದ್ಧಿವಂತ ಗಾಡಿ: ನಾರ್ಫೋಕ್ ಕ್ಯಾಂಪಸ್ಸಿನ ಓಡದ ರೈಲು

ಅರ್ಧಕ್ಕೆ ನಿಂತ ಕಂಬಗಳ ಕೆಳಗೆ ಓಡಾಡುವುದು ಬೆಂಗಳೂರಿನ ಈಜಿಪುರದ ಕಡೆಯವರಿಗೆ ಹೊಸದಲ್ಲ. 2017ರಲ್ಲಿ ಶುರುವಾದ ಅಲ್ಲಿನ ಫ್ಲೈಓವರ್ ವರ್ಷಗಟ್ಟಲೆ ಕಂಬದಲ್ಲೇ ನಿಂತಿತ್ತು. ಅಮೆರಿಕದ ನಾರ್ಫೋಕ್‌ನ ಕಥೆ ಸ್ವಲ್ಪ ಬೇರೆ. ಅಲ್ಲಿ ಕಂಬ ಎದ್ದಿತ್ತು, ಮೇಲೆ ಹಳಿ ಕೂತಿತ್ತು, ಬೋಗಿಯೂ ಬಂದಿತ್ತು. ಓಡುವುದೊಂದು ಬಾಕಿ ಇತ್ತು. ಆ ಒಂದು ಕೆಲಸ ಮಾತ್ರ ಆಗಲೇ ಇಲ್ಲ.

ನಾರ್ಫೋಕ್ ಇರುವುದು ವರ್ಜೀನಿಯಾ ರಾಜ್ಯದ ಕಡಲ ತೀರದಲ್ಲಿ. ಅಲ್ಲಿನ ಓಲ್ಡ್ ಡೊಮಿನಿಯನ್ ವಿಶ್ವವಿದ್ಯಾಲಯದ ಕ್ಯಾಂಪಸ್ಸನ್ನು ಹ್ಯಾಂಪ್ಟನ್ ಬುಲವಾರ್ಡ್ ಎಂಬ ದೊಡ್ಡ ರಸ್ತೆ ಸೀಳಿಕೊಂಡು ಹೋಗುತ್ತದೆ. 1990ರ ದಶಕದ ಕೊನೆಯ ಹೊತ್ತಿಗೆ ಅಮೆರಿಕನ್ ಮ್ಯಾಗ್ಲೆವ್ ಟೆಕ್ನಾಲಜಿ ಎಂಬ ಕಂಪನಿ ವಿವಿಯ ಮುಂದೆ ಒಂದು ಯೋಜನೆ ಇಟ್ಟಿತು. 3,400 ಅಡಿ, ಅಂದರೆ ಸುಮಾರು 1 ಕಿಲೋಮೀಟರ್ ಉದ್ದದ ಎತ್ತರಿಸಿದ ಹಳಿ. ಅದರ ಮೇಲೆ ಒಂದೇ ಬೋಗಿಯ ಮ್ಯಾಗ್ಲೆವ್ ರೈಲು, ಅಂದರೆ ಚಕ್ರವಿಲ್ಲದೆ ಅಯಸ್ಕಾಂತದ ಬಲದಿಂದ ತೇಲುವ ಗಾಡಿ. ವೇಗ ಗಂಟೆಗೆ 64 ಕಿಲೋಮೀಟರ್. ಯುದ್ಧವಿಮಾನ ಕಟ್ಟುವ ಲಾಕ್‌ಹೀಡ್ ಮಾರ್ಟಿನ್ ಮತ್ತು ಅಲ್ಲಿನ ವಿದ್ಯುತ್ ಕಂಪನಿ ಡೊಮಿನಿಯನ್ ಜೊತೆಗೆ ನಿಂತವು.

ಒಂದು ಕಿಲೋಮೀಟರ್ ಎಷ್ಟು ದೂರ ಹೇಳಿ? ನಡೆದರೆ ಹತ್ತು ಹದಿನೈದು ನಿಮಿಷ. ಈ ರೈಲು ಪೂರ್ತಿ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಜಾಗ ಬಂದುಬಿಡುತ್ತಿತ್ತು. ಹುಡುಗರನ್ನು ಕ್ಲಾಸಿಗೆ ತಲುಪಿಸುವುದು ಒಂದು ನೆಪ. ಬೇರೆ ಊರಿನವರು ಬಂದು ನೋಡಿ, ಹತ್ತಿ, ಆರ್ಡರ್ ಕೊಡಲು ಒಂದು ಶೋರೂಮ್ ಬೇಕಿತ್ತು. ಅಮೆರಿಕದಲ್ಲಿ ಜನ ಹತ್ತುವ ಮೊದಲ ಮ್ಯಾಗ್ಲೆವ್ ತಮ್ಮಲ್ಲಿ ಓಡಲಿ ಎಂಬ ಆಸೆ ವಿವಿಗೂ ಇತ್ತು.

ಮ್ಯಾಗ್ಲೆವ್ ಹೊಸ ಕನಸೇನಲ್ಲ. ಜರ್ಮನಿಯ ಹೆರ್ಮನ್ ಕೆಂಪರ್ 1934ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣದಲ್ಲಿ 1984ರಿಂದ ಸುಮಾರು 600 ಮೀಟರ್ ದೂರಕ್ಕೆ ಒಂದು ಪುಟ್ಟ ಮ್ಯಾಗ್ಲೆವ್ ಓಡಿತು. ಬೇರೆಲ್ಲೂ ಇಲ್ಲದ ಗಾಡಿ. ಕೆಟ್ಟರೆ ಬಿಡಿಭಾಗ ಎಲ್ಲಿಂದ ತರುವುದು? 1995ರಲ್ಲಿ ಅದೂ ನಿಂತಿತು.

ಇಲ್ಲಿ ಸ್ವಲ್ಪ ವಿಜ್ಞಾನ ಬೇಕು. ಇದಿಲ್ಲದೆ ನಾರ್ಫೋಕ್‌ನ ಪಾಡು ಅರ್ಥವಾಗುವುದಿಲ್ಲ.

ಅಯಸ್ಕಾಂತದಿಂದ ಗಾಡಿ ತೇಲಿಸಲು ಎರಡು ದಾರಿ. ತಳ್ಳಿ ಎತ್ತುವುದು ಒಂದು, ಎಳೆದು ಎತ್ತುವುದು ಇನ್ನೊಂದು. ನಾರ್ಫೋಕ್‌ನದು ಎಳೆಯುವ ಬಗೆ. ಗಾಡಿಗೆ ಕಟ್ಟಿದ ವಿದ್ಯುತ್ ಅಯಸ್ಕಾಂತಗಳು ಉಕ್ಕಿನ ಹಳಿಯ ಕೆಳಗೆ ಬರುತ್ತವೆ. ಕರೆಂಟ್ ಕೊಟ್ಟರೆ ಅವು ಹಳಿಯ ಕಡೆಗೆ ಮೇಲಕ್ಕೆ ಹೋಗುತ್ತವೆ, ಜೊತೆಗೆ ಗಾಡಿಯೂ ಏಳುತ್ತದೆ. ಆದರೆ ಮುಟ್ಟಬಾರದು. ನಡುವೆ ಸುಮಾರು ಒಂದು ಸೆಂಟಿಮೀಟರ್ ಸಂದು ಉಳಿಯಬೇಕು. ಕಷ್ಟ ಇರುವುದೇ ಅಲ್ಲಿ. ಅಯಸ್ಕಾಂತ ಹತ್ತಿರ ಹೋದಷ್ಟೂ ಸೆಳೆತ ಜಾಸ್ತಿ, ದೂರ ಸರಿದಷ್ಟೂ ಕಡಿಮೆ. ತಾನಾಗಿ ಬಿಟ್ಟರೆ ಗಾಡಿ ಒಂದೋ ಟಪ್ಪನೆ ಹಳಿಗೆ ಅಂಟಿಕೊಳ್ಳುತ್ತದೆ, ಇಲ್ಲಾ ಕೆಳಗೆ ಕೂರುತ್ತದೆ. ನಡುವೆ ನಿಲ್ಲುವ ಮಾತೇ ಇಲ್ಲ. ಹಾಗಾಗಿ ಒಂದು ಸೆನ್ಸರ್ ಸಂದನ್ನು ಅಳೆಯುತ್ತಲೇ ಇರಬೇಕು, ಕಂಪ್ಯೂಟರ್ ಸೆಕೆಂಡಿಗೆ ಸಾವಿರಾರು ಸಲ ಕರೆಂಟ್ ಹೆಚ್ಚುಕಡಿಮೆ ಮಾಡುತ್ತಿರಬೇಕು. ಅಂಗೈ ಮೇಲೆ ಕೋಲು ನಿಲ್ಲಿಸಿ ಆಡುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ.

ಜರ್ಮನ್ನರ ಟ್ರಾನ್ಸ್‌ರಾಪಿಡ್ ಕೂಡ ಎಳೆಯುವ ಬಗೆಯದೇ. ಶಾಂಘೈಯಲ್ಲಿ 2004ರಿಂದ ಗಂಟೆಗೆ 431 ಕಿಲೋಮೀಟರ್ ವೇಗದಲ್ಲಿ ಓಡಿ ಹೆಸರು ಮಾಡಿದ್ದು ಅದೇ. ಆದರೆ ಅದರಲ್ಲಿ ಗಾಡಿಯನ್ನು ಮುಂದಕ್ಕೆ ಓಡಿಸುವ ಮೋಟಾರಿನ ಸುರುಳಿಗಳು ಇರುವುದು ಹಳಿಯಲ್ಲಿ, ಉದ್ದಕ್ಕೂ. ಶಾಂಘೈಯ 30 ಕಿಲೋಮೀಟರಿಗೆ ಸುಮಾರು 1000 ಕೋಟಿ ಯುವಾನ್ ಖರ್ಚಾಯಿತು. ಅಮೆರಿಕನ್ ಮ್ಯಾಗ್ಲೆವ್ ಕಂಪನಿ ಇದನ್ನು ತಲೆಕೆಳಗು ಮಾಡಿತು. ಮೋಟಾರು, ಸೆನ್ಸರ್, ಕಂಪ್ಯೂಟರ್ ಎಲ್ಲವನ್ನೂ ಗಾಡಿಯಲ್ಲೇ ಇಡೋಣ, ಹಳಿ ಸುಮ್ನೆ ಉಕ್ಕು ಮತ್ತು ಕಾಂಕ್ರೀಟ್ ಆಗಿರಲಿ. ಬುದ್ಧಿವಂತ ಗಾಡಿ, ದಡ್ಡ ಹಳಿ. ಗಾಡಿ ಒಂದೋ ಎರಡೋ ಇರುತ್ತದೆ, ಹಳಿ ಮೈಲುಗಟ್ಟಲೆ ಬೇಕು. ಹಳಿ ಅಗ್ಗವಾದರೆ ಇಡೀ ಯೋಜನೆ ಅಗ್ಗ. ಲೆಕ್ಕವೇನೋ ಚೆನ್ನಾಗಿದೆ, ಅಲ್ವಾ?

ಇಡೀ ಕೆಲಸಕ್ಕೆ ಇಟ್ಟುಕೊಂಡ ಹಣ 1.4 ಕೋಟಿ ಡಾಲರ್. ಅದರಲ್ಲಿ ಅರ್ಧ, 70 ಲಕ್ಷ ಡಾಲರ್, ವರ್ಜೀನಿಯಾ ಸರ್ಕಾರ ಕೊಟ್ಟ ಸಾಲ. ಶಾಂಘೈಯಲ್ಲಿ ಒಂದು ಕಿಲೋಮೀಟರಿಗೆ ಬಿದ್ದದ್ದು ಸುಮಾರು 4 ಕೋಟಿ ಡಾಲರ್. ಶಾಂಘೈಯದು ಜೋಡಿ ಹಳಿ, ವೇಗವೂ ಆರೇಳು ಪಟ್ಟು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ, ನಿಜ. ಆದರೂ ಒಂದು ಮಾತು ಹೇಳಲೇಬೇಕು. ನಾರ್ಫೋಕ್‌ನ ಹಣ ಕಟ್ಟಲು ಸಾಲುವಷ್ಟಿತ್ತು. ಕಟ್ಟಿದ್ದು ಸರಿಯಾಗದಿದ್ದರೆ ಬಿಚ್ಚಿ ಮತ್ತೆ ಮಾಡಲು ಅದರಲ್ಲಿ ಜಾಗ ಇರಲಿಲ್ಲ. ಯಾರೂ ಮಾಡದ ಕೆಲಸಕ್ಕೆ ಕೈ ಹಾಕುವವರು ಮೊದಲ ಸಲಕ್ಕೇ ಎಲ್ಲ ಸರಿಹೋಗುತ್ತದೆ ಎಂದುಕೊಂಡು ದುಡ್ಡು ಎಣಿಸಿಟ್ಟಿದ್ದರು.

2002ರ ಶರತ್ಕಾಲದ ಹೊತ್ತಿಗೆ ರೈಲು ಓಡಬೇಕಿತ್ತು. ಹಳಿ ಮುಗಿಯಿತು, ಬೋಗಿ ಮೇಲೇರಿತು, ಪರೀಕ್ಷೆ ಶುರುವಾಯಿತು. ಗಾಡಿ ಎದ್ದಿತು. ಎದ್ದ ಮೇಲೆ ನಡುಗಿತು. ಆ ನಡುಕ ಹತೋಟಿಗೆ ಬರಲಿಲ್ಲ. ಜನರನ್ನು ಕೂರಿಸುವ ಮಾತು ಅಲ್ಲಿಗೆ ನಿಂತಿತು.

ಏನಾಗಿತ್ತು? ತೂಗುಸೇತುವೆ ಮೇಲೆ ನಡೆದವರಿಗೆ ಬೇಗ ಹೊಳೆಯುತ್ತದೆ. ಸುಳ್ಯದ ಗಿರೀಶ್ ಭಾರದ್ವಾಜರು ಮಲೆನಾಡು, ಕರಾವಳಿಯ ಹೊಳೆಗಳಿಗೆ ಕಟ್ಟಿಕೊಟ್ಟಿದ್ದಾರಲ್ಲ, ಅಂಥ ಸೇತುವೆ. ಕಾಲಿಟ್ಟರೆ ಹಲಗೆ ಸ್ವಲ್ಪ ಕೆಳಗೆ ಹೋಗಿ ಮೇಲೆ ಬರುತ್ತದೆ. ನಮ್ಮ ಹೆಜ್ಜೆ ಅದರ ತೂಗಾಟಕ್ಕೆ ಹೊಂದಿಕೊಂಡರೆ ತೂಗಾಟ ಹೆಚ್ಚುತ್ತಲೇ ಹೋಗುತ್ತದೆ. ಮ್ಯಾಗ್ಲೆವ್ ಗಾಡಿ ಹಳಿಯನ್ನು ಹಿಡಿದು ತಾನು ಮೇಲೇಳುವಾಗ ಹಳಿಯನ್ನು ಕೆಳಗೆ ಎಳೆಯುತ್ತದೆ. ಹಗುರ ಹಳಿಯಾದರೆ ಕೂದಲೆಳೆಯಷ್ಟು ಬಾಗುತ್ತದೆ, ಮತ್ತೆ ಚಿಮ್ಮುತ್ತದೆ. ಸಂದು ಬದಲಾಗುತ್ತದೆ. ಸೆನ್ಸರ್ ನೋಡುತ್ತದೆ, ಕಂಪ್ಯೂಟರ್ ಕರೆಂಟ್ ತಿದ್ದುತ್ತದೆ. ಆ ತಿದ್ದುವಿಕೆಯೇ ಹಳಿಗೆ ಇನ್ನೊಂದು ಎಳೆತ. ಹಳಿ ಅಲುಗುವ ತಾಳ, ಕಂಪ್ಯೂಟರ್ ತಿದ್ದುವ ತಾಳ ಎರಡೂ ಕೂಡಿಕೊಂಡರೆ ಮುಗಿಯಿತು. ಗಾಡಿ ನಿಂತಲ್ಲೇ ನಡುಗಬಹುದು, ಓಡಲೇ ಬೇಕೆಂದಿಲ್ಲ.

ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ ಎಂದು ನಾವು ನಗುತ್ತೇವೆ. ಇಲ್ಲಿ ನೆಲವೂ ಕುಣಿಯುತ್ತಿತ್ತು. ಹಳಿಗೆ ಖರ್ಚು ಮಾಡದೆ ಉಳಿಸಿದ ದುಡ್ಡು ಗಾಡಿಯ ಕಂಪ್ಯೂಟರಿನ ತಲೆ ಮೇಲೆ ಬಂದು ಕೂತಿತ್ತು.

ಹಾಗಾದರೆ ದಡ್ಡ ಹಳಿ ಎಂಬ ಯೋಚನೆಯೇ ತಪ್ಪೇ? ನನಗೆ ಹಾಗನ್ನಿಸುವುದಿಲ್ಲ. ಜಪಾನಿನ ನಗೋಯಾ ಪಕ್ಕದಲ್ಲಿ 2005ರಲ್ಲಿ ಶುರುವಾದ ಲಿನಿಮೋ ಎಂಬ ರೈಲು ಇದೆ. 8.9 ಕಿಲೋಮೀಟರ್, ಗಂಟೆಗೆ 100 ಕಿಲೋಮೀಟರ್ ವೇಗ. ಅದೂ ಎಳೆಯುವ ಬಗೆಯದು, ಮೋಟಾರು ಅದರಲ್ಲೂ ಗಾಡಿಯಲ್ಲೇ ಇದೆ. ಇವತ್ತಿಗೂ ಓಡುತ್ತಿದೆ. ವ್ಯತ್ಯಾಸ ಏನೆಂದರೆ, ಆ ತಂತ್ರದ ಮೇಲೆ ಜಪಾನಿನಲ್ಲಿ 1970ರ ದಶಕದಿಂದ ಕೆಲಸ ನಡೆದಿತ್ತು. ಜಪಾನ್ ಏರ್‌ಲೈನ್ಸ್ ಶುರು ಮಾಡಿದ್ದನ್ನು ಬೇರೆಯವರು ಮುಂದುವರಿಸಿದರು. ಸುಮಾರು ಮೂವತ್ತು ವರ್ಷ ಪರೀಕ್ಷೆಯ, ಪ್ರದರ್ಶನದ ಹಳಿಗಳ ಮೇಲೆ ಕಳೆದ ಗಾಡಿ ಅದು. ನಾರ್ಫೋಕ್‌ನವರು ಅದನ್ನು ಕೆಲವೇ ವರ್ಷಗಳಲ್ಲಿ ಮುಗಿಸಲು ಹೊರಟರು.

ದುಡ್ಡು ಖಾಲಿಯಾಯಿತು. ಕಂಪನಿ ಹಿಂದೆ ಸರಿಯಿತು. ಹಳಿ, ಗಾಡಿ ಎರಡೂ ವಿವಿಯ ಕೈಗೆ ಬಂದವು. ಒಂದು ಲೆಕ್ಕದಲ್ಲಿ ಯೋಜನೆ ಸರಿಯಾದ ಜಾಗಕ್ಕೆ ಬಂದದ್ದು ಆಗಲೇ. ಅಲ್ಲಿಯವರೆಗೆ ಅದಕ್ಕೆ ಸಾರಿಗೆ ಎಂಬ ಹೆಸರು, ಉದ್ಘಾಟನೆಯ ಗಡುವು. ಈಗ ಅದು ಇಂಜಿನಿಯರಿಂಗ್ ವಿಭಾಗದ ಪ್ರಯೋಗವಾಯಿತು. ಕೇಂದ್ರ ಸರ್ಕಾರದ ರೈಲ್ವೆ ಆಡಳಿತ ಸಂಶೋಧನೆಗೆ ಹಣ ಕೊಟ್ಟಿತು. ಅಲುಗುವ ಹಳಿ ಮೇಲೆ ಗಾಡಿಯನ್ನು ಸ್ಥಿರವಾಗಿ ನಿಲ್ಲಿಸುವುದು ಹೇಗೆ ಎಂದು ತಂಡ ತಲೆ ಕೆಡಿಸಿಕೊಂಡಿತು. 2006ರ ಅಕ್ಟೋಬರಿನಲ್ಲಿ ಮುಂಚೆ ಗೊತ್ತುಮಾಡದೇ ನಡೆಸಿದ ಒಂದು ಪರೀಕ್ಷೆಯಲ್ಲಿ ಗಾಡಿ ಸಲೀಸಾಗಿ ಹೋಯಿತು! ಆಮೇಲೆ ಪಕ್ಕದಲ್ಲಿ ಕಟ್ಟಡದ ಕೆಲಸ ಶುರುವಾಗಿ ಹಳಿಯ ವಿದ್ಯುತ್ ಸಂಪರ್ಕ ತೆಗೆದರು. 2009ರ ಫೆಬ್ರುವರಿಯಲ್ಲಿ ಮತ್ತೆ ಪರೀಕ್ಷೆ. ಈ ಸಲ ಪೂರ್ತಿ ಬೋಗಿ ಇಲ್ಲ, ಅದರ ಅಡಿಭಾಗ ಮಾತ್ರ. ಅದೂ ಸರಿಯಾಯಿತು. ಮ್ಯಾಸಚೂಸೆಟ್ಸ್‌ನ ಮ್ಯಾಗ್ನೆಮೋಷನ್ ಎಂಬ ಇನ್ನೊಂದು ಕಂಪನಿ ವ್ಯಾನಿನಷ್ಟು ದೊಡ್ಡದಾದ ತನ್ನ ಗಾಡಿಯನ್ನು ಇದೇ ಹಳಿ ಮೇಲೆ ಪರೀಕ್ಷೆ ಮಾಡಲು ಮುಂದೆ ಬಂತು.

ಮೊದಲ ಕಂಪನಿಯೂ ಸುಮ್ಮನೆ ಕೂರಲಿಲ್ಲ. ಜಾರ್ಜಿಯಾ ರಾಜ್ಯದ ಪೌಡರ್ ಸ್ಪ್ರಿಂಗ್ಸ್‌ನಲ್ಲಿ 2,000 ಅಡಿಯ ಪರೀಕ್ಷಾ ಹಳಿ ಹಾಕಿಕೊಂಡಿತು. ಯಾರ ತಲೆ ಮೇಲೂ ಹಾದುಹೋಗದ, ಯಾವ ಗಡುವೂ ಇಲ್ಲದ ಹಳಿ. ಮೊದಲು ಅದನ್ನು ಮಾಡಿ ಆಮೇಲೆ ನಾರ್ಫೋಕ್‌ಗೆ ಬಂದಿದ್ದರೆ ಏನಾಗುತ್ತಿತ್ತೋ!

ಕ್ಯಾಂಪಸ್ ರೈಲುಗಳೆಲ್ಲ ಹೀಗೇ ಆಗುತ್ತವೆ ಎಂದುಕೊಳ್ಳಬೇಡಿ. ವರ್ಜೀನಿಯಾದ ಪಕ್ಕದ ರಾಜ್ಯ ವೆಸ್ಟ್ ವರ್ಜೀನಿಯಾ. ಅಲ್ಲಿನ ಮಾರ್ಗನ್‌ಟೌನ್ ಎಂಬ ಊರಿನಲ್ಲಿ ವಿವಿಯ ಕ್ಯಾಂಪಸ್ಸುಗಳನ್ನು ಜೋಡಿಸುವ ಚಾಲಕರಿಲ್ಲದ ಪುಟ್ಟ ಬಂಡಿಗಳು 1975ರಿಂದ ಓಡುತ್ತಿವೆ. ಅದೂ ಪ್ರಯೋಗವೇ. 1972ರ ಚುನಾವಣೆಗೆ ಮುಂಚೆ ನಿಕ್ಸನ್ ಸರ್ಕಾರಕ್ಕೆ ತೋರಿಸಲು ಏನಾದರೂ ಬೇಕಿತ್ತು, ಅದಕ್ಕೇ ಅವಸರದಲ್ಲಿ ಕಟ್ಟಿ ಅಕ್ಟೋಬರಿನಲ್ಲಿ ಪ್ರದರ್ಶನ ಮಾಡಿದರು. ಖರ್ಚು ಮೊದಲ ಅಂದಾಜಿನ ಹಲವು ಪಟ್ಟು ಏರಿತು. ಪತ್ರಿಕೆಗಳು ಬೈದವು. ಆದರೆ ಕೇಂದ್ರ ಸರ್ಕಾರ ದುಡ್ಡು ಸುರಿಯುವುದನ್ನು ನಿಲ್ಲಿಸಲಿಲ್ಲ. ಬಂಡಿಗೆ ಮಾಮೂಲಿ ರಬ್ಬರ್ ಟಯರು. ಹಳಿ ಮಾತ್ರ ದಡ್ಡನಲ್ಲ. ಚಳಿಗಾಲದಲ್ಲಿ ಹಿಮ ಕರಗಲೆಂದು ಕಾಂಕ್ರೀಟಿನೊಳಗೆ ಬಿಸಿ ದ್ರವ ಹರಿಸುವ ಕೊಳವೆಗಳನ್ನೇ ಹೂತಿದ್ದಾರೆ.

ನಮ್ಮ ಹತ್ತಿರವೂ ಇಂಥದೊಂದು ಆಗಿಹೋಗಿದೆ. ಕರ್ನಾಟಕವೂ ಪಾಲು ಹಾಕಿ ಕಟ್ಟಿದ ಕೊಂಕಣ ರೈಲ್ವೆ, ಅದರ ಮುಖ್ಯಸ್ಥರಾಗಿದ್ದ ಬಿ. ರಾಜಾರಾಮ್ ಅವರ ಕಾಲದಲ್ಲಿ ಗೋವಾದ ಮಡಗಾಂವ್‌ನಲ್ಲಿ ಸ್ಕೈಬಸ್ ಎಂಬ ನೇತಾಡುವ ರೈಲನ್ನು ಮಾಡಿ ನೋಡಿತು. 1.6 ಕಿಲೋಮೀಟರ್ ಹಳಿ. 2004ರ ಸೆಪ್ಟೆಂಬರ್ 25ರಂದು ಪರೀಕ್ಷೆಯ ವೇಳೆ ಅಪಘಾತವಾಗಿ ಸಿಬ್ಬಂದಿಯೊಬ್ಬರು ತೀರಿಕೊಂಡರು. ಯೋಜನೆ ಅಲ್ಲಿಗೇ ನಿಂತಿತು. ಖಾಲಿ ಕಂಬಗಳನ್ನು 2013ರಲ್ಲಿ ಕೆಡವಿದರು. ಈಗ ಮದ್ರಾಸ್ ಐಐಟಿಯ ತೈಯೂರು ಕ್ಯಾಂಪಸ್ಸಿನಲ್ಲಿ 422 ಮೀಟರ್ ಉದ್ದದ ಹೈಪರ್‌ಲೂಪ್ ಕೊಳವೆ ಇದೆ, ಅಂದರೆ ಒಳಗಿನ ಗಾಳಿ ತೆಗೆದು ಗಾಡಿಯನ್ನು ತೇಲಿಸಿ ಓಡಿಸುವ ಕೊಳವೆ. ಅದನ್ನು ಪರೀಕ್ಷಾ ಹಳಿ ಎಂದೇ ಕರೆಯುತ್ತಾರೆ. ನನಗೆ ಅದರಲ್ಲಿ ತುಂಬಾ ಹಿಡಿಸಿದ್ದು ಆ ಹೆಸರೇ. ಬೆಂಗಳೂರಿನಲ್ಲಿ ಆದದ್ದು ಬೇರೆ. ಕೆಂಪೇಗೌಡ ವಿಮಾನ ನಿಲ್ದಾಣದಿಂದ ಊರಿಗೆ ಹೈಪರ್‌ಲೂಪ್ ತರಬಹುದೇ ಎಂದು ನೋಡಲು 2020ರಲ್ಲಿ ವರ್ಜಿನ್ ಹೈಪರ್‌ಲೂಪ್ ಜೊತೆ ಒಪ್ಪಂದವಾಗಿತ್ತು. 2023 ಮುಗಿಯುವಷ್ಟರಲ್ಲಿ ಆ ಕಂಪನಿಯೇ ಬಾಗಿಲು ಹಾಕಿತು.

ಮತ್ತೆ ನಾರ್ಫೋಕ್‌ಗೆ ಬರೋಣ. ಆ ಊರಿಗೆ ಕೊನೆಗೂ ಒಂದು ಹೊಸ ರೈಲು ಬಂತು. 2011ರ ಆಗಸ್ಟ್‌ನಲ್ಲಿ ಟೈಡ್ ಎಂಬ ಲೈಟ್ ರೈಲ್ ಓಡತೊಡಗಿತು. ಉಕ್ಕಿನ ಚಕ್ರ, ಉಕ್ಕಿನ ಹಳಿ, ತೇಲುವ ಗೋಜೇ ಇಲ್ಲ. ಅದಕ್ಕೂ ಅಂದಾಜು ಮೀರಿ ಖರ್ಚಾಯಿತು, ಆದರೂ ಮುಗಿಯಿತು. ಉದ್ದ ಸುಮಾರು 12 ಕಿಲೋಮೀಟರ್. ಮ್ಯಾಗ್ಲೆವ್ ಹಳಿ ಇದ್ದ ಕ್ಯಾಂಪಸ್ಸಿಗೆ ಮಾತ್ರ ಅದು ಹೋಗುವುದಿಲ್ಲ. ಪಡುವಣ ಕೊನೆಯ ನಿಲ್ದಾಣ ಈಸ್ಟರ್ನ್ ವರ್ಜೀನಿಯಾ ವೈದ್ಯಕೀಯ ಕಾಲೇಜಿನ ಬಳಿ. 2024ರ ಜುಲೈನಲ್ಲಿ ಆ ಕಾಲೇಜು ಓಲ್ಡ್ ಡೊಮಿನಿಯನ್ ವಿವಿಯೊಳಗೆ ಸೇರಿಕೊಂಡಿತು. ರೈಲು ವಿವಿಯ ಹತ್ತಿರ ಬರಲಿಲ್ಲ, ವಿವಿಯೇ ರೈಲಿನ ಹತ್ತಿರ ಹೋಯಿತು.