ತೇರಿಗೊಂದು ಬಿಟ್‌ರೇಟ್, ವೇದಿಕೆಗೊಂದು ಬಿಟ್‌ರೇಟ್

ಕೊಪ್ಪಳದಲ್ಲಿ ಮದುವೆ, ಜಾತ್ರೆ, ಅಂಗಡಿ ಉದ್ಘಾಟನೆಗಳ ವಿಡಿಯೊ ಮಾಡಿಸಲು ಬರುವ ಗ್ರಾಹಕರು ಬಹುತೇಕ ಒಂದೇ ಮಾತು ಹೇಳುತ್ತಾರೆ: “ಕ್ಲಿಯರ್ ಇರಬೇಕ್ರಿ, ಮತ್ತ ಫೈಲ್ ಸಣ್ಣದಿರಬೇಕು, ವಾಟ್ಸ್‌ಆ್ಯಪ್‌ನ್ಯಾಗ ಹೋಗಬೇಕು.” ನ್ಯಾಯವಾದ ಬೇಡಿಕೆಯೇ. ಆದರೆ ಎಡಿಟಿಂಗ್ ಕಲಿಯುತ್ತಿರುವ ಹುಡುಗರು ಇದನ್ನು ಬಗೆಹರಿಸಲು ಮೊದಲು ಕೈ ಹಾಕುವುದು ರೆಸಲ್ಯೂಶನ್‌ಗೆ, ಅಂದರೆ ಚಿತ್ರದಲ್ಲಿರುವ ಪಿಕ್ಸೆಲ್‌ಗಳ ಸಂಖ್ಯೆಗೆ. ಫೋರ್‌ಕೆಯಿಂದ ಫುಲ್ ಎಚ್‌ಡಿಗೆ ಇಳಿಸಿ, ಬಿಟ್‌ರೇಟನ್ನು, ಅಂದರೆ ಪ್ರತಿ ಸೆಕೆಂಡಿನ ವಿಡಿಯೊಗೆ ಬಳಸುವ ಮಾಹಿತಿಯ ಪ್ರಮಾಣವನ್ನು, ಮುಟ್ಟದೆ ಬಿಟ್ಟು, ಫೈಲ್ ಏಕೆ ಇದ್ದಷ್ಟೇ ಇದೆ ಎಂದು ಕೇಳುತ್ತಾರೆ.

ಫೈಲಿನ ಗಾತ್ರವನ್ನು ನಿರ್ಧರಿಸುವುದು ಬಿಟ್‌ರೇಟ್ ಮತ್ತು ಅವಧಿ, ಇವೆರಡೇ. ಸೆಕೆಂಡಿಗೆ 8 ಮೆಗಾಬಿಟ್ ಎಂದು ಕೊಟ್ಟರೆ, 8 ಬಿಟ್‌ಗೆ ಒಂದು ಬೈಟ್ ಆದ್ದರಿಂದ ಸೆಕೆಂಡಿಗೆ 1 ಎಂಬಿ, ನಿಮಿಷಕ್ಕೆ 60 ಎಂಬಿ, ಗಂಟೆಗೆ 3.6 ಜಿಬಿ ಆಗುತ್ತದೆ. ಚಿತ್ರ ಫೋರ್‌ಕೆ ಇರಲಿ, ಫುಲ್ ಎಚ್‌ಡಿ ಇರಲಿ, ಈ ಲೆಕ್ಕ ಬದಲಾಗುವುದಿಲ್ಲ. ರೆಸಲ್ಯೂಶನ್ ಹೆಚ್ಚಿದಂತೆ ಅದೇ ಬಿಟ್‌ಗಳನ್ನು ಹೆಚ್ಚು ಪಿಕ್ಸೆಲ್‌ಗಳಿಗೆ ಹಂಚಬೇಕಾಗುತ್ತದೆ, ಅಷ್ಟೇ. ಹಾಗಾಗಿ ಬಿಟ್‌ರೇಟ್ ಸಾಲದ ಫೋರ್‌ಕೆ ಚಿತ್ರಕ್ಕಿಂತ ಬೇಕಾದಷ್ಟು ಬಿಟ್‌ರೇಟ್ ಇರುವ ಫುಲ್ ಎಚ್‌ಡಿ ಚಿತ್ರವೇ ಎಷ್ಟೋ ಸಲ ಚೆನ್ನಾಗಿ ಕಾಣುತ್ತದೆ.

ಎಷ್ಟು ಬಿಟ್‌ರೇಟ್ ಬೇಕು ಎಂಬುದನ್ನು ಹೇಳುವುದು ದೃಶ್ಯ. ವಿಡಿಯೊ ಹಿಂಡುವ ವಿಧಾನಗಳಾದ ಎಚ್.264 ಆಗಲಿ, ಎಚ್.265 ಆಗಲಿ, ಪ್ರತಿ ಫ್ರೇಮನ್ನೂ ಪೂರ್ತಿಯಾಗಿ ಬರೆದಿಡುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಫ್ರೇಮ್ ಇಟ್ಟುಕೊಂಡು, ಉಳಿದವುಗಳಲ್ಲಿ ಅಕ್ಕಪಕ್ಕದ ಫ್ರೇಮಿಗಿಂತ ಏನು ಬದಲಾಗಿದೆ ಎಂಬುದನ್ನಷ್ಟೇ ಬರೆಯುತ್ತವೆ. ಗವಿಮಠದ ಜಾತ್ರೆಯ ಎರಡು ಶಾಟ್‌ಗಳನ್ನು ಹೋಲಿಸಿ ನೋಡಿ. ವೇದಿಕೆಯ ಮೇಲೆ ಒಬ್ಬರು ಮಾತನಾಡುತ್ತಿದ್ದಾರೆ, ಕ್ಯಾಮೆರಾ ಸ್ಟ್ಯಾಂಡಿನ ಮೇಲಿದೆ, ಹಿಂದಿನ ಬ್ಯಾನರ್ ಅಲುಗಾಡುವುದಿಲ್ಲ; ಬದಲಾಗುವುದು ಮುಖ ಮತ್ತು ಕೈ ಮಾತ್ರ. ಇಂಥ ದೃಶ್ಯ ಫುಲ್ ಎಚ್‌ಡಿಯಲ್ಲಿ 3 ಮೆಗಾಬಿಟ್‌ಗೂ ಸ್ವಚ್ಛವಾಗಿ ನಿಲ್ಲುತ್ತದೆ. ಸಂಜೆ ತೇರು ಹೊರಟಾಗ ಜನಸಾಗರದ ಒಂದೊಂದು ತಲೆಯೂ ಅಲುಗುತ್ತದೆ, ಎತ್ತಿದ ಕೈಗಳ ನಡುವೆ ಮೊಬೈಲ್‌ಗಳು ಮಿನುಗುತ್ತವೆ, ತೇರಿನ ಮೇಲೆ ಉತ್ತತ್ತಿ, ಬಾಳೆಹಣ್ಣು ಹಾರುತ್ತವೆ, ಧೂಳು ಏಳುತ್ತದೆ. ಹಿಂದಿನ ಫ್ರೇಮಿನಿಂದ ಎರವಲು ಪಡೆಯುವಂಥದ್ದು ಹೆಚ್ಚೇನೂ ಉಳಿಯದ ಕಾರಣ ಅದೇ 3 ಮೆಗಾಬಿಟ್‌ನಲ್ಲಿ ಜನರ ಮುಖಗಳು ಚೌಕಚೌಕವಾಗಿ ಒಡೆಯುತ್ತವೆ, ಹಾರುವ ಉತ್ತತ್ತಿ ಬರೀ ಕಂದು ಕಲೆಯಾಗುತ್ತದೆ. ಭಕ್ತರು ಮತ್ತೆ ಮತ್ತೆ ನೋಡಲು ಬಯಸುವ ಕ್ಷಣವೂ ಅದೇ ಆಗಿರುತ್ತದೆ. ಗಂಗಾವತಿ ಕಡೆಯ ಭತ್ತದ ಗದ್ದೆಯ ಮೇಲೆ ಡ್ರೋನ್ ಹಾರಿಸಿ ತೆಗೆದ ಚಿತ್ರವೂ ಹೀಗೆಯೇ. ನೋಡಲು ಶಾಂತವಾಗಿದ್ದರೂ ಗಾಳಿಗೆ ಪ್ರತಿ ಗರಿಯೂ ತೂಗುವುದರಿಂದ ಬಿಟ್‌ಗಳನ್ನು ಬಹಳ ತಿನ್ನುತ್ತದೆ.

ಆದ್ದರಿಂದ ಇಡೀ ವಿಡಿಯೊಗೆ ಒಂದೇ ಸ್ಥಿರ ಬಿಟ್‌ರೇಟ್ ಕೊಡುವುದನ್ನು ನಾನು ಒಪ್ಪುವುದಿಲ್ಲ. ಗಾತ್ರದ ಮಿತಿ ಇಲ್ಲದಿದ್ದರೆ ಗುಣಮಟ್ಟವನ್ನು ಗೊತ್ತುಮಾಡಿ, ಬಿಟ್‌ರೇಟನ್ನು ಎನ್‌ಕೋಡರ್‌ಗೆ, ಅಂದರೆ ವಿಡಿಯೊ ಹಿಂಡುವ ತಂತ್ರಾಂಶಕ್ಕೆ, ಬಿಡುವುದೇ ಸರಿಯಾದ ದಾರಿ. ಹ್ಯಾಂಡ್‌ಬ್ರೇಕ್‌ನಂಥ ಉಚಿತ ತಂತ್ರಾಂಶದಲ್ಲಿ ಇದಕ್ಕೆ ಆರ್‌ಎಫ್ ಎಂಬ ಅಂಕಿ ಇದೆ. ಫುಲ್ ಎಚ್‌ಡಿಗೆ 20ರಿಂದ 24ರೊಳಗೆ ಇಟ್ಟರೆ ಸಾಕು. ಅಂಕಿ ಏರಿದಂತೆ ಫೈಲ್ ಕುಗ್ಗುತ್ತದೆ, ಸುಮಾರು 6 ಏರಿಸಿದರೆ ಅರ್ಧಕ್ಕೆ ಇಳಿಯುತ್ತದೆ. ಗಾತ್ರದ ಮಿತಿ ಇದ್ದರೆ ಎರಡು ಸುತ್ತಿನ ಎನ್‌ಕೋಡಿಂಗ್, ಅಂದರೆ ಟೂ ಪಾಸ್, ಬಳಸಬೇಕು. ಮೊದಲ ಸುತ್ತಿನಲ್ಲಿ ಎನ್‌ಕೋಡರ್ ವಿಡಿಯೊವನ್ನು ಪೂರ್ತಿ ಓದಿ, ಎರಡನೆಯದರಲ್ಲಿ ವೇದಿಕೆಯಿಂದ ಉಳಿಸಿದ್ದನ್ನು ತೇರಿಗೆ ಕೊಡುತ್ತದೆ.

ಮಿತಿ ಬರುವುದು ಹೆಚ್ಚಾಗಿ ಪೆನ್‌ಡ್ರೈವ್‌ನಿಂದ. ಹಳ್ಳಿಯ ಮನೆಗಳಲ್ಲಿರುವ ಹಳೆಯ ಟಿವಿಗಳಲ್ಲಿ ಹಲವು ಫ್ಯಾಟ್32 ಎಂಬ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವನ್ನು ಮಾತ್ರ ಓದುತ್ತವೆ, ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಪೆನ್‌ಡ್ರೈವ್ 64 ಜಿಬಿಯದಾದರೂ ಅಷ್ಟೇ. ಒಂದೂವರೆ ಗಂಟೆಯ ಮದುವೆ ವಿಡಿಯೊ ಅದರೊಳಗೆ ಕೂರಬೇಕಾದರೆ ಚಿತ್ರಕ್ಕೆ 5.5 ಮೆಗಾಬಿಟ್, ಧ್ವನಿಗೆ 192 ಕಿಲೋಬಿಟ್ ಸರಿಹೋಗುತ್ತದೆ. ಅದಕ್ಕಿಂತ ಉದ್ದದ್ದಿದ್ದರೆ ಹಿಂಡುವುದು ಬೇಡ, ಅರಿಷಿಣ ಮತ್ತು ಅಕ್ಕಿಕಾಳು ಎಂದು ಎರಡು ಫೈಲ್ ಮಾಡಿ ಕೊಡಿ. ಎಚ್.265 ಅದೇ ಗುಣಮಟ್ಟವನ್ನು ಸುಮಾರು ಅರ್ಧ ಗಾತ್ರದಲ್ಲಿ ಕೊಡಬಲ್ಲದು, ಆದರೆ ಹಳೆಯ ಟಿವಿಯಲ್ಲಿ ಧ್ವನಿ ಮಾತ್ರ ಬಂದು ಚಿತ್ರ ಬಾರದಿರುವ ಸಂಭವವಿದೆ. ಮನೆಗೆ ಕೊಡುವ ಪ್ರತಿಗೆ ಎಚ್.264 ಇರಲಿ.

ಯೂಟ್ಯೂಬ್ ಲೆಕ್ಕ ಬೇರೆ. ನಾವು ಏರಿಸಿದ ಫೈಲನ್ನು ಅದು ಮತ್ತೆ ಎನ್‌ಕೋಡ್ ಮಾಡುವುದರಿಂದ ಅಲ್ಲಿ ಜಿಪುಣತನ ಮಾಡಬಾರದು. ಸಾಮಾನ್ಯ ಫ್ರೇಮ್ ರೇಟಿನ ಫುಲ್ ಎಚ್‌ಡಿಗೆ 8 ಮೆಗಾಬಿಟ್, ಫೋರ್‌ಕೆಗೆ 35ರಿಂದ 45 ಮೆಗಾಬಿಟ್ ಎಂದು ಯೂಟ್ಯೂಬೇ ಸಲಹೆ ಕೊಡುತ್ತದೆ. ತೇರಿನ ದೃಶ್ಯವಿದ್ದರೆ ನಾನು ಇನ್ನಷ್ಟು ಹೆಚ್ಚಿಸುತ್ತೇನೆ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಎಂದು ಕಳಿಸಿದರೆ ಅದು ತಾನೇ ಹಿಂಡಿಬಿಡುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ 2 ಜಿಬಿವರೆಗೆ ಇದ್ದಂತೆಯೇ ತಲುಪುತ್ತದೆ. ಗ್ರಾಹಕರ ಮೊಬೈಲ್ ಹಿಡಿದು ಇದನ್ನೊಮ್ಮೆ ತೋರಿಸಿಕೊಡುವುದು ಒಳ್ಳೆಯದು.

ಗುಣಮಟ್ಟ ಕೆಡಿಸದೆ ಗಾತ್ರ ಇಳಿಸುವ ದಾರಿಗಳೂ ಇವೆ, ಅವನ್ನು ಬಳಸುವವರು ಕಡಿಮೆ. ರಾತ್ರಿ ಮೆರವಣಿಗೆಯನ್ನು ಹೆಚ್ಚು ಐಎಸ್‌ಒದಲ್ಲಿ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ ಹೆಚ್ಚಿಸಿ, ತೆಗೆದಾಗ ಕತ್ತಲ ಭಾಗದಲ್ಲಿ ಕಾಳುಕಾಳಾಗಿ ಕಾಣುವ ನಾಯ್ಸ್ ಪ್ರತಿ ಫ್ರೇಮಿನಲ್ಲೂ ಹೊಸದಾಗಿರುತ್ತದೆ. ಎನ್‌ಕೋಡರ್ ಅದನ್ನೂ ಚಲನೆ ಎಂದೇ ತಿಳಿದು, ವರನ ಮುಖಕ್ಕೆ ಸಲ್ಲಬೇಕಾದ ಬಿಟ್‌ಗಳನ್ನು ಕಪ್ಪು ಆಕಾಶಕ್ಕೆ ಸುರಿಯುತ್ತದೆ. ಎಕ್ಸ್‌ಪೋರ್ಟ್‌ಗೆ ಮೊದಲೇ ಹದವಾಗಿ ನಾಯ್ಸ್ ತೆಗೆದರೆ ಫೈಲೂ ಇಳಿಯುತ್ತದೆ, ಮುಖವೂ ತಿಳಿಯಾಗುತ್ತದೆ. ಹಾಗೆಯೇ 25 ಫ್ರೇಮ್‌ನಲ್ಲಿ ತೆಗೆದದ್ದನ್ನು 60ರಲ್ಲಿ ಎಕ್ಸ್‌ಪೋರ್ಟ್ ಮಾಡುವುದರಿಂದ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಕ್ಲಿಪ್‌ಗೆ 50 ಮೆಗಾಬಿಟ್ ಕೊಡುವುದರಿಂದ ಏನೂ ಸಿಗುವುದಿಲ್ಲ. ಮೂಲದಲ್ಲಿ ಇಲ್ಲದ್ದನ್ನು ಬಿಟ್‌ರೇಟ್ ತಂದುಕೊಡಲಾರದು.

ಪೂರ್ತಿ ಎಕ್ಸ್‌ಪೋರ್ಟ್‌ಗೆ ಇಡುವ ಮುನ್ನ ಅತಿ ಕಠಿಣವಾದ ಇಪ್ಪತ್ತು ಸೆಕೆಂಡುಗಳನ್ನು ಆರಿಸಿಕೊಳ್ಳಿ: ಅಕ್ಕಿಕಾಳು ಬೀಳುವ ಗಳಿಗೆ, ಹೊಗೆ ಎದ್ದ ಗಳಿಗೆ, ತೇರು ಕದಲಿದ ಗಳಿಗೆ. ಅದನ್ನಷ್ಟೇ ಮೂರು ಆರ್‌ಎಫ್ ಅಂಕಿಗಳಲ್ಲಿ ತೆಗೆದು, ಕಂಪ್ಯೂಟರಿನಲ್ಲಲ್ಲ, ದೊಡ್ಡ ಟಿವಿಯಲ್ಲಿ ಹಾಕಿ ನೋಡಿ. ಚಿತ್ರ ಒಡೆಯದ ಅತಿ ದೊಡ್ಡ ಅಂಕಿ ಯಾವುದೋ ಅದನ್ನೇ ಇಟ್ಟುಕೊಳ್ಳಿ. ಅದರ ಜೊತೆಗೆ ಹೆಚ್ಚು ಬಿಟ್‌ರೇಟಿನ ಒಂದು ಮಾಸ್ಟರ್ ಪ್ರತಿಯನ್ನು ಹಾರ್ಡ್‌ಡಿಸ್ಕ್‌ನಲ್ಲಿ ತಪ್ಪದೆ ಉಳಿಸಿ. ಮುಂದೆ ಮಗಳ ಮನೆಗೊಂದು ಪ್ರತಿ, ಮೊಬೈಲ್‌ಗೊಂದು ಪ್ರತಿ ಎಂದು ಗ್ರಾಹಕರು ಮತ್ತೆ ಬಂದಾಗ ಸಣ್ಣ ಫೈಲನ್ನೇ ಮತ್ತೆ ಹಿಂಡದೆ, ಪ್ರತಿ ಸಲವೂ ಆ ಮಾಸ್ಟರ್‌ನಿಂದಲೇ ತೆಗೆದುಕೊಡಬೇಕು.